ಪೀರಪ್ಪ ತರುತ್ತಿದ್ದ ಚೀಟಿ

೧೪ ಡಿಸೆಂಬರ್ ೧೯೮೮, ವಾಡಿ

ನಮ್ಮ ಟೈಪಿಸ್ಟ್ ಗುರುಲಿಂಗಮ್ಮ ಎರಡು ದಿನ ಕೂತು ಟೈಪ್ ಮಾಡಿದ ಗಣಿ ಕೆಲಸಗಾರರ ಎಕ್ಸ್-ರೇ ಪಟ್ಟಿ ಅಳಿಸಿಹೋಯಿತು. ತಪ್ಪು ನನ್ನದು, ಬೈಸಿಕೊಂಡವರು ಅವರು.

ಮೊದಲು ನಮ್ಮ ಕಂಪ್ಯೂಟರಿನ ಫೈಲುಗಳನ್ನು ಟೇಪಿಗೆ ಹಾಕಿಕೊಟ್ಟರೆ ಜವಾನ ಪೀರಪ್ಪ ರೈಲಿನಲ್ಲಿ ಶಹಾಬಾದ್ ಆಫೀಸಿಗೆ ಒಯ್ಯುತ್ತಿದ್ದ. ಮುಟ್ಟಿದ್ದಕ್ಕೆ ಅಲ್ಲಿಯವರ ಸಹಿಯ ಚೀಟಿ ತಂದ ಮೇಲೆಯೇ ಇಲ್ಲಿನದನ್ನು ಅಳಿಸುತ್ತಿದ್ದೆವು. ಹೋದ ತಿಂಗಳಿನಿಂದ ನಾನು ಬರೆದ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಸಂಜೆ ಆರಕ್ಕೆ ಟೆಲಿಫೋನ್ ಲೈನಿನಲ್ಲಿ ತಾನೇ ಕಳಿಸಿ ತಾನೇ ಅಳಿಸುತ್ತದೆ.

"ಚೀಟಿ ಯಾರ್ ತರ್ತಾರ್ರಿ ಈಗ?" ಎಂದು ಪೀರಪ್ಪ ಕೇಳಿದ್ದ. ನಕ್ಕುಬಿಟ್ಟಿದ್ದೆ.

ನಿನ್ನೆ ಲೈನ್ ನಡುವೆಯೇ ಕಡಿಯಿತು. ಮುಟ್ಟಿತೋ ಇಲ್ಲವೋ ನೋಡು ಎಂದು ಸ್ಕ್ರಿಪ್ಟಿನಲ್ಲಿ ನಾನು ಬರೆದಿರಲೇ ಇಲ್ಲ; ಅದು ಪಟ್ಟಿಯನ್ನು ಅಳಿಸಿಬಿಟ್ಟಿತು.

ಪಟ್ಟಿ ಬಂದಿಲ್ಲವೆಂದು ಶಹಾಬಾದಿನಿಂದ ಫೋನ್ ಬಂದಾಗ ಸಾಹೇಬರು, "ಎರಡ್ ದಿನಾ ಏನ್ ಮಾಡಿದ್ರಿ ನೀವು?" ಎಂದು ಗುರುಲಿಂಗಮ್ಮನ ಮೇಲೆ ರೇಗಿದರು. ನಾನು ಕಂಪ್ಯೂಟರಿನ ಪರದೆ ನೋಡುತ್ತ ಕುಳಿತೆ. ಆಮೇಲೆ ಗುರುಲಿಂಗಮ್ಮನೇ ನನ್ನ ಬಳಿ ಬಂದು, "ನಂದೇ ಏನರ ತಪ್ಪಾಗಿರಬೇಕ್ರಿ. ಮತ್ತ ಟೈಪ್ ಹೊಡಿಲಿಕತ್ತೀನಿ," ಎಂದರು.

ಸಂಜೆ ಸ್ಕ್ರಿಪ್ಟ್ ಸರಿಮಾಡಿದೆ. ಇನ್ನು ಮುಟ್ಟಿತೆಂಬ ಉತ್ತರ ಬಾರದೆ ಅದು ಏನನ್ನೂ ಅಳಿಸದು. ಮೂರೇ ಸಾಲು ಸೇರಿಸಬೇಕಿತ್ತು.

ಹೊರಡುವಾಗ ಗುರುಲಿಂಗಮ್ಮ ಇನ್ನೂ ಟೈಪ್ ಮಾಡುತ್ತಿದ್ದರು. ಸಾಹೇಬರ ಕೋಣೆಯಲ್ಲಿ ದೀಪವಿತ್ತು, ಬಾಗಿಲೂ ತೆರೆದಿತ್ತು. ನಾನು ಸೈಕಲ್ ಹತ್ತಿದೆ.