ಸುಣ್ಣದ ಡ್ರಮ್ಮಿನ ಮುಚ್ಚಳ

ಹಾಸ್ಟೆಲ್, ಚಿಕ್ಕಮಗಳೂರು
30-8-1998, ಭಾನುವಾರ

ಪ್ರೀತಿಯ ಚಿಕ್ಕಪ್ಪನಿಗೆ ಧನ್ಯಾಳ ನಮಸ್ಕಾರಗಳು.

ಮೊದಲಿಗೆ ಸಾರಿ, ಕಾಗದ ಬರೆಯುತ್ತಿರುವುದಕ್ಕೇ ಸಾರಿ. ಜಾವಳಿಯ ನಮ್ಮ ಮನೆಯಿಂದ ಯಾರೂ ನಿಮಗೆ ಬರೆಯಕೂಡದು ಅಂತ ಹೇಳಿದ್ದೀರಂತೆ. ಇದು ಜಾವಳಿಯಿಂದಲ್ಲ, ಹಾಸ್ಟೆಲಿನಿಂದ. ಹರಿಯುವ ಮೊದಲು ಪೂರ್ತಿ ಓದಿ. ನಿಮ್ಮ ಮಂಡಿನೋವು ಹೇಗಿದೆ? ಮಲ್ಲಂದೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಕೊಡುವ ಕ್ವಾರ್ಟರ್ಸ್ ಸೋರುತ್ತದಂತೆ, ಹೌದೇ? ಚಿಕ್ಕಮ್ಮನ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಸೇರುತ್ತದೆ, ನಿದ್ದೆ ಸರಿಯಾಗಿ ಬರುವುದಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಕನ್ನಡದಲ್ಲಿ ತಪ್ಪಿದ್ದರೆ ನಗಬೇಡಿ.

ಫಸ್ಟ್ ಪಿಯುಸಿಯಲ್ಲಿ ನಮಗೆ ಕೆಮಿಸ್ಟ್ರಿಗೆ ಷಡಕ್ಷರಿ ಸರ್. ಈ ವಾರ ಬಾಂಡಿಂಗ್ ಶುರುವಾಯಿತು. ಪರಮಾಣುಗಳು ಒಂದನ್ನೊಂದು ಹೇಗೆ ಹಿಡಿದುಕೊಳ್ಳುತ್ತವೆ ಅನ್ನುವ ಪಾಠ. ಸೋಡಿಯಂ ಹತ್ತಿರ ಕೊಟ್ಟುಬಿಡಲು ಒಂದು ಎಲೆಕ್ಟ್ರಾನ್ ಇರುತ್ತದೆ, ಕ್ಲೋರಿನ್‌ಗೆ ಒಂದು ಕಡಿಮೆ. ಇದು ಕೊಟ್ಟಿತು, ಅದು ಪಡೆಯಿತು. ಕೊಟ್ಟದ್ದು ಪ್ಲಸ್, ಪಡೆದದ್ದು ಮೈನಸ್, ಆ ಸೆಳೆತದಲ್ಲಿ ಎರಡೂ ಸೇರಿ ಅಡುಗೆಮನೆಯ ಉಪ್ಪು. ನೀರಿನಲ್ಲಿ ಹಾಗಲ್ಲ. ಅಲ್ಲಿ ಆಕ್ಸಿಜನ್ನೂ ಹೈಡ್ರೋಜನ್ನೂ ಒಂದೊಂದು ಎಲೆಕ್ಟ್ರಾನ್ ಹಾಕಿ ಜೋಡಿಯನ್ನು ಹಂಚಿಕೊಂಡಿರುತ್ತವೆ. "ಗಂಟು ಬದಲಾದ್ರೆ ವಸ್ತುನೇ ಬದಲಾಯ್ತು ಕಣ್ರಪ್ಪ, ಬಣ್ಣ ನೋಡಿ ಮೋಸ ಹೋಗ್ಬೇಡಿ" ಅಂದರು ಸರ್. ಆಮೇಲೆ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಲು ನನ್ನನ್ನೇ ಕರೆದರು. ಊದಿದೆ. ನೀರು ಹಾಲಿನಂತಾಯಿತು. ಉಸಿರಿನ ಕಾರ್ಬನ್ ಡೈಆಕ್ಸೈಡ್ ಜತೆ ಕೂಡಿ ಸುಣ್ಣ ಮತ್ತೆ ಸುಣ್ಣದ ಕಲ್ಲೇ ಆಗಿಬಿಟ್ಟಿತಂತೆ, ಪುಡಿ ಪುಡಿಯಾಗಿ. ಗಾಳಿಗೆ ತೆರೆದಿಟ್ಟ ಸುಣ್ಣಕ್ಕೂ ಇದೇ ಗತಿಯಂತೆ: ನೋಡಲು ಅದೇ ಬಿಳಿ, ಒಳಗೆ ಕಸುವಿಲ್ಲ. ಕೊಳವೆ ನನ್ನ ಬಾಯಲ್ಲೇ ಉಳಿಯಿತು.

ಚಿಕ್ಕಪ್ಪ, ನಮ್ಮ ಸುಣ್ಣದ ಡ್ರಮ್ಮಿನ ಮುಚ್ಚಳ ತೆಗೆದವಳು ನಾನು. ಏಪ್ರಿಲ್ ರಜೆಯಲ್ಲಿ ಪಕ್ಕದ ಮನೆಯ ಕೃತಿಕಾಳೂ ನಾನೂ ಕಾಫಿ ಕಣದಲ್ಲಿ ಥ್ರೋಬಾಲ್ ಕೋರ್ಟಿಗೆ ಗೆರೆ ಎಳೆಯಲು ಸುಣ್ಣ ತೆಗೆದೆವು. ಮುಚ್ಚಳವನ್ನು ನೆಟ್ ಕಟ್ಟಿದ ಗೂಟಕ್ಕೆ ಒತ್ತು ಕೊಟ್ಟೆವು. ತಿಂಗಳಿಗೂ ಹೆಚ್ಚು ಅದು ಅಲ್ಲೇ ಇತ್ತು. ಮೇ ಕೊನೆಗೆ ನೀವು ಅದೇ ಸುಣ್ಣವನ್ನು ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ಜತೆ ಕಲಸಿ ಕಾಫಿಗೆ ಔಷಧಿ ಹೊಡೆಸಿದಿರಿ. ತುತ್ತದ ಹುಳಿಯನ್ನು ಕಟ್ಟಿಹಾಕಲು ಆ ಸುಣ್ಣದಲ್ಲಿ ಶಕ್ತಿ ಎಲ್ಲಿತ್ತು? ವಾರದಲ್ಲಿ ಕೆಳಗಿನ ತೋಟದ ಎಲೆಯೆಲ್ಲ ಸುಟ್ಟುಹೋಯಿತು. ಹುಳಿ ಉಳಿದಿದ್ದರೆ ಔಷಧಿಗೆ ಅದ್ದಿದ ಕತ್ತಿಗೆ ಕೆಂಪು ಹತ್ತಬೇಕಿತ್ತು. "ಕತ್ತಿ ಅದ್ದಿ ನೋಡಿದ್ವಿ ಅಣ್ಣ, ಕೆಂಪು ಹತ್ತಿರ್ಲಿಲ್ಲ" ಅಂತ ನೀವು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಆಳುಗಳ ಎದುರೇ "ನೀನು ಹೊಡ್ಸಿದ್ದು ಔಷಧಿ ಅಲ್ಲ ಮಾರಾಯ, ಬೆಂಕಿ" ಅಂದರು. "ಹಂಗಾದ್ರೆ ಇನ್ಮೇಲೆ ನೀವೇ ಕಲಸ್ಕೊಳ್ಳಿ" ಅಂದು ನೀವು ಮಲ್ಲಂದೂರಿಗೆ ಹೊರಟುಹೋದಿರಿ. ಈಗ ಅಜ್ಜಿ ದಿನಾ ಅಪ್ಪನನ್ನು ಚುಚ್ಚುತ್ತಾರೆ: "ಸಾರಿಗೆ ಉಪ್ಪು ಹಾಕಕ್ಕೆ ಬರಲ್ಲ, ಔಷಧಿ ಕಲಸ್ತಾನಂತೆ!"

ನಿನ್ನೆ ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿ ಮುಚ್ಚಳದ ವಿಷಯ ಹೇಳಿದೆ. ಬೈಗುಳಕ್ಕೆ ಕಾದು ನಿಂತಿದ್ದೆ, ಅಪ್ಪ ಬೈಯಲಿಲ್ಲ. "ದಸರಾ ಹೊತ್ತಿಗೆ ಮಳೆ ಬಿಡ್ತದೆ, ಎರಡ್ನೇ ಸಲ ಹೊಡೀಬೇಕು. ಕಲ್ಸೋರು ಯಾರು ಅಂತ ಅವನ್ನೇ ಕೇಳು" ಅಂದು ಇಟ್ಟುಬಿಟ್ಟರು. ಅಪ್ಪನ ಬಾಯಲ್ಲಿ ಇದಕ್ಕಿಂತ ಹೆಚ್ಚು ಬರುವುದಿಲ್ಲ, ನಿಮಗೇ ಗೊತ್ತಲ್ಲ. ಹೊಸ ಸುಣ್ಣ ತರಿಸುತ್ತಾರೆ. ಮುಚ್ಚಳ ಕಾಯುವ ಕೆಲಸ ನನಗೆ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ. ಬಿಸಿನೀರಿಗೆ ಜೇನು ಹಾಕಿ ಕುಡಿಯಲು ಹೇಳಿ.

ನಿಮ್ಮ
ಧನ್ಯಾ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಔಷಧಿ ಕಲಸಿದ ದಿನ ಕತ್ತಿ ಅದ್ದಿ ನೋಡು ಅಂತ ನನಗೆ ಹೇಳಿ ನೀವು ಪಂಪಿನ ಕಡೆ ಹೋದಿರಿ. ಕೃತಿಕಾ ಬಾಲ್ ಹಿಡಿದು ಕಾಯುತ್ತಿದ್ದಳು. ನಾನು ಅದ್ದಲೇ ಇಲ್ಲ. "ಏನೂ ಹತ್ತಿಲ್ಲ ಚಿಕ್ಕಪ್ಪ" ಅಂತ ಕೂಗಿ ಓಡಿದೆ. ಮೊನ್ನೆ ಲ್ಯಾಬಿನಲ್ಲಿ ತುತ್ತದ ನೀರಿಗೆ ಮೊಳೆ ಇಳಿಬಿಟ್ಟೆವು. ನೀರಿನ ತಾಮ್ರ ಬಂದು ಕಬ್ಬಿಣದ ಮೇಲೆ ಕೂತಿತು, ಕೆಂಪಗೆ. ನನ್ನ ಮಾತು ನಂಬಿದ್ದಕ್ಕೆ ನೀವು ಸುಳ್ಳರಾದಿರಿ. ಇದನ್ನು ಅಪ್ಪನಿಗೂ ಹೇಳುತ್ತೇನೆ, ಮೊದಲು ನಿಮಗೆ. ದಸರಾ ರಜೆಗೆ ನಾನು ಮನೆಯಲ್ಲಿರುತ್ತೇನೆ. ನೀವು ಕಲಸಿ, ನಾನು ನಿಮ್ಮ ಎದುರಿಗೇ ಅದ್ದುತ್ತೇನೆ. ಬರುತ್ತೀರಾ? ದಯವಿಟ್ಟು ಬೇಗ ಉತ್ತರ ಬರೆಯಿರಿ.