ಕೈ ತೋರಿಸಿದರೆ ನಿಲ್ಲುವ ಬಸ್ಸು

ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಮ್ಮನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ದೊಡ್ಡಮ್ಮನಿಗೂ ತಿಳಿಸು. ಬೆರಳ ಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಬಿಟ್ಟಿಲ್ಲ, ಕಾಗದಕ್ಕೆ ಅಲ್ಲಲ್ಲಿ ಮೆತ್ತಿದರೆ ಬೈಯಬೇಡ. ಊಟ ಆಯ್ತಾ ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ತಿಂಡಿ ಆಯ್ತು, ಎರಡು ಸಲ ಬಡಿಸಿಕೊಂಡೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ "ಆಯ್ತು ಬಿಡು" ಅಂದುಬಿಡುತ್ತೀಯ. ಕಾಗದಕ್ಕೆ ಹಾಗನ್ನುವುದು ಕಷ್ಟ.

ನಮ್ಮ ಬೀದಿಯ ಉದ್ದಕ್ಕೂ ಇರುವ ಬಸ್ ಡಿಪೋದ ಹೊರಗೋಡೆ ನೆನಪಿದೆಯಲ್ಲ, ಹರಿದ ಪೋಸ್ಟರುಗಳೆಲ್ಲ ಜೋತಾಡುತ್ತಿದ್ದ ಗೋಡೆ? ಅದರ ಮೇಲೆ ಚಿತ್ರ ಬರೆಸಬೇಕು ಅಂತ ಆರೋಗ್ಯ ಕೇಂದ್ರದ ಕೌನ್ಸೆಲರ್ ಮೇಡಂ ಡಿಪೋ ಮ್ಯಾನೇಜರನ್ನು ಒಪ್ಪಿಸಿದರು. ಮನಸ್ಸಿಗೆ ಕಷ್ಟವಾದರೆ ಬಾಯಿಬಿಟ್ಟು ಹೇಳಿ, ಜೀವ ಬೇಡ ಅನ್ನಿಸಿದರೆ ಯಾರನ್ನಾದರೂ ಕರೆಯಿರಿ ಅಂತ ಜನಕ್ಕೆ ತಿಳಿಸುವ ಚಿತ್ರ. ಬರೆಯಬೇಕಾದವರು ಬೀದಿಯವರೇ. ಡಿಪೋದಲ್ಲಿ ಬಸ್ಸಿನ ಬೋರ್ಡು ಬರೆಯುವವಳು ನಾನೊಬ್ಬಳೇ ಆದ್ದರಿಂದ ಮೇಸ್ತ್ರಿ ಕೆಲಸ ನನ್ನ ತಲೆಗೆ ಬಂತು.

ಕ್ಯಾಂಟೀನಿನಲ್ಲಿ ಮೊದಲ ಸಭೆ. ಏನು ಬರೆಯಬೇಕೆಂದು ಯಾರಿಗೂ ಗೊತ್ತಿಲ್ಲ. ಮ್ಯಾನೇಜರ್, ಸೂರ್ಯೋದಯ ಬರೆಯೋಣ, ನಾಲ್ಕು ಹಕ್ಕಿ ಹಾರಿಸೋಣ ಅಂದರು. ಕ್ಯಾಂಟೀನ್ ಅಕ್ಕ ಲೋಟ ತೊಳೆಯುತ್ತಲೇ, "ಸೂರ್ಯ ದಿನಾ ಪುಕ್ಕಟೆ ಬರ್ತಾನೆ, ಅವನಿಗ್ಯಾಕೆ ಬಣ್ಣ ದಂಡ?" ಅಂದಳು. ಎಲ್ಲರೂ ನಕ್ಕರು. ಆಗ ಎದ್ದವರು ನಮ್ಮ ಎದುರುಮನೆಯ ಚಿಲ್ಲರೆ ಮಾವ. ಮೂವತ್ತು ವರ್ಷ ಕಂಡಕ್ಟರಾಗಿ ಎಲ್ಲರ ಹತ್ತಿರ ಚಿಲ್ಲರೆಗಾಗಿ ಜಗಳವಾಡಿದ ಅದೇ ಮಾವ. "ಇಂಥದ್ದನ್ನೆಲ್ಲ ಗೋಡೆ ಮೇಲೆ ಬರೆದ್ರೆ ಮಕ್ಕಳು ಕೇಳ್ತಾವೆ, ಏನಂತ ಹೇಳೋದು? ಹಾಗೆ ಹೋಗೋರು ಮನಸ್ಸು ಗಟ್ಟಿ ಇಲ್ಲದೋರು. ನಮ್ಮ ಬೀದೀಲಿ ಅಂಥೋರು ಯಾರೂ ಇಲ್ಲ" ಅಂದರು.

ಅಮ್ಮ, ಇಲ್ಲಿಂದ ಮುಂದಿನದನ್ನು ಕೂತುಕೊಂಡು ಓದು.

ನಾನು ಎದ್ದು ನಿಂತೆ. ನಮ್ಮಣ್ಣ ಹಾರ್ಟಿನಿಂದ ಹೋಗಲಿಲ್ಲ, ತಾನೇ ಜೀವ ಕಳೆದುಕೊಂಡ ಅಂದೆ. ಇಬ್ಬರು ಎತ್ತುವ ಗೇರ್‌ಬಾಕ್ಸನ್ನು ಒಬ್ಬನೇ ಎತ್ತುತ್ತಿದ್ದ ಮೆಕ್ಯಾನಿಕ್ ಅವನು, ಗಟ್ಟಿ ಇರಲಿಲ್ಲ ಅನ್ನಬೇಡಿ. ಅವನಿಗೆ ಮನಸ್ಸಿನ ಕಾಯಿಲೆಯಿತ್ತು, ಹೇಳಿಕೊಳ್ಳುವುದು ಅವನಿಗೆ ಗೊತ್ತಾಗಲಿಲ್ಲ, ಕೇಳುವುದು ನಮಗೆ ಗೊತ್ತಾಗಲಿಲ್ಲ ಅಂದೆ.

ಮೂರು ವರ್ಷದ ಹಿಂದೆ, ಆ ಬೆಳಗ್ಗೆ, ನೀನು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಹಾರ್ಟು" ಅಂದಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದವಳು ನಾನು. ನಿನ್ನ ಮೇಲೆ ನನಗೆ ಕೋಪವಿಲ್ಲ. ಅವತ್ತು ನಿನಗೆ ಬೇರೆ ಯಾವ ಮಾತು ಸಿಕ್ಕೀತು? ಆದರೆ ಅವತ್ತಿನಿಂದ ನಾವಿಬ್ಬರೂ ಅವನ ಹೆಸರೆತ್ತುವುದನ್ನೇ ಬಿಟ್ಟೆವು. ನೀನು ಈ ಬೀದಿಯ ಕಣ್ಣು ತಪ್ಪಿಸಿಕೊಂಡು ದೊಡ್ಡಮ್ಮನ ಮನೆ ಸೇರಿದೆ. ನಾನು ತಲೆ ತಗ್ಗಿಸಿ ಡಿಪೋಗೆ ಹೋಗಿಬಂದೆ.

ನೀನು ಹೆದರಿದ್ದು ಯಾವುದೂ ಆಗಲಿಲ್ಲ, ಅಮ್ಮ. ಯಾರೂ ಪಿಸುಗುಟ್ಟಲಿಲ್ಲ. ಕ್ಯಾಂಟೀನ್ ಅಕ್ಕ ಸೋಪಿನ ಕೈಯಲ್ಲೇ ಬಂದು ನನ್ನ ಕೈ ಹಿಡಿದು ನಿಂತಳು. ಇಪ್ಪತ್ತೆರಡನೇ ನಂಬರ್ ಬಸ್ಸಿನ ಡ್ರೈವರ್, ಅಣ್ಣನ ಜೊತೆ ಸದಾ ತಮಾಷೆ ಮಾಡುತ್ತಿದ್ದನಲ್ಲ, ಅವನು ಟೋಪಿ ತೆಗೆದು, ಹೋದ ವರ್ಷ ನನಗೂ ಬದುಕೇ ಸಾಕಾಗಿತ್ತು, ಹೆಂಡತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು, ಮಾತ್ರೆ ತಗೊಂಡೆ, ನೋಡಿ ನಿಂತಿದ್ದೀನಿ ಅಂದ. ಆಮೇಲೆ ಒಬ್ಬೊಬ್ಬರಾಗಿ ಮಾತಾಡಿದರು. ಅಷ್ಟರಲ್ಲಿ ಚಿಲ್ಲರೆ ಮಾವ ಸದ್ದಿಲ್ಲದೆ ಎದ್ದು ಹೋಗಿದ್ದರು.

ಚಿತ್ರ ಅಲ್ಲೇ ತೀರ್ಮಾನವಾಯಿತು. ಗೋಡೆಯುದ್ದಕ್ಕೂ ಒಂದೇ ಒಂದು ನೀಲಿ ಬಸ್ಸು. ಕಿಟಕಿಗೊಂದು ಮುಖ, ಬೀದಿಯವರದ್ದೇ. ಪ್ರತಿ ಮುಖದ ಕೆಳಗೆ, ಕಷ್ಟದಲ್ಲಿದ್ದಾಗ ತನಗೆ ಯಾರಾದರೂ ಏನು ಹೇಳಬೇಕಿತ್ತು ಅನ್ನುವುದನ್ನು ಅವರದೇ ಕೈಬರಹದಲ್ಲಿ ಬರೆಯುವುದು. "ಸುಮ್ಮನೆ ಪಕ್ಕದಲ್ಲಿ ಕೂತಿರ್ತೀನಿ" ಅಂತ ದರ್ಜಿ ಬರೆದ. "ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಎದ್ದೇಳು" ಅಂತ ಡ್ರೈವರ್. ಮುಂದಿನ ಬೋರ್ಡಿನಲ್ಲಿ ನಾನು "ಕೈ ತೋರಿಸಿ, ನಿಲ್ಲಿಸುತ್ತೇವೆ" ಅಂತ ಬರೆದೆ. ನಂಬರ್ ಪ್ಲೇಟಿನ ಜಾಗದಲ್ಲಿ ಸಹಾಯವಾಣಿಯ ನಂಬರು, ಕನ್ನಡಕವಿಲ್ಲದವರಿಗೂ ಕಾಣುವಷ್ಟು ದೊಡ್ಡದಾಗಿ.

ಹತ್ತೊಂಬತ್ತು ದಿನದ ಕೆಲಸ. ಗೋಡೆಯ ಬಿರುಕಿಗೆ ಪುಟ್ಟಿ ಹಚ್ಚುವಾಗ, ಗೋಡೆಗೆ ಪುಟ್ಟಿ ಹಚ್ಚಿದ್ದು ಯಾವ ಪುಟ್ಟಿ ಅಂತ ಡ್ರೈವರುಗಳು ನನ್ನ ಜೀವ ತಿಂದರು. ನಾಲ್ಕನೇ ದಿನ ಚಿಲ್ಲರೆ ಮಾವ ಸ್ಟೂಲು ಹಿಡಿದು ಬಂದರು. ತಪ್ಪಾಯ್ತು ಗಿಪ್ಪಾಯ್ತು ಏನಿಲ್ಲ, ಯಾವ ಕಡೆ ಬಳೀಬೇಕು ಅಂತಷ್ಟೇ ಕೇಳಿದರು. ಚಕ್ರ ತೋರಿಸಿದೆ. ಗಂಟೆಗಟ್ಟಲೆ ಕಪ್ಪು ಬಳಿದು, ಬ್ರಶ್ಶು ತೊಳೆಯುತ್ತಾ, "ನಮ್ಮನೆಯವಳಿಗೆ ಮಂಡಿನೋವು ಅಂತ ಎಲ್ಲರಿಗೂ ಹೇಳಿದೀನಿ. ಮಂಡಿ ಚೆನ್ನಾಗೇ ಇದೆ ಪುಟ್ಟಿ. ಎರಡು ವರ್ಷದಿಂದ ಮಂಚ ಬಿಟ್ಟು ಏಳೋಕೇ ಮನಸ್ಸಿಲ್ಲ ಅವಳಿಗೆ. ಸಾಯ್ಬೇಕು ಅಂತಾಳೆ. ನಾನು ಗಟ್ಟಿಯಾಗಿರು ಅಂತ ಗದರ್ತೀನಿ" ಅಂದರು. ಬಣ್ಣ ಮೆತ್ತಿದ ಬಟ್ಟೆಯಲ್ಲೇ ಅವರನ್ನು ಕೌನ್ಸೆಲರ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೇಡಂ ಅವತ್ತೇ ಅವರ ಮನೆಗೆ ಬಂದರು.

ನಿನ್ನೆ ಗೋಡೆಯ ಪರದೆ ತೆಗೆದೆವು. ಬೀದಿ ತುಂಬ ಜನ. ಡ್ರೈವರುಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದರು, ಮ್ಯಾನೇಜರ್ ಕಿವಿ ಮುಚ್ಚಿಕೊಂಡೇ ಚಪ್ಪಾಳೆ ಹೊಡೆಯಲು ನೋಡಿದರು! ಚಿಲ್ಲರೆ ಮಾವನ ಹೆಂಡತಿ ಬಂದಿದ್ದರು, ಅಮ್ಮ. ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು, ಬೀದಿ ದಾಟಿ, ತಮ್ಮ ಕಾಲಲ್ಲೇ. ಗೋಡೆಯ ಚಕ್ರ ಮುಟ್ಟಿ, ಇದೇನು ಮೊಟ್ಟೆ ಥರ ಇದೆಯಲ್ಲ ಅಂತ ಗಂಡನನ್ನು ಕೇಳಿದರು. ಮಾವ ಅಲ್ಲೇ ನಿಂತು ಅತ್ತುಬಿಟ್ಟರು, ನಗುತ್ತಾ.

ಡ್ರೈವರ್ ಸೀಟಿನ ಹಿಂದಿನ ಕಿಟಕಿಯನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ, ಬರೀ ಬಿಳಿ. ಅಣ್ಣನ ಮುಖವನ್ನು ಅಲ್ಲಿ ಬರೆಯಬೇಕೆಂದು ಎಲ್ಲರೂ ಕೇಳುತ್ತಿದ್ದಾರೆ. ಆದರೆ ಅವನು ನಿನ್ನ ಮಗ. ನೀನು ಬೇಡವೆಂದರೆ ಒಂದು ಪರದೆ ಬರೆದು ಮುಗಿಸುತ್ತೇನೆ, ಬೇಜಾರಿಲ್ಲ. ಹೂಂ ಅಂದರೆ, ನೀನೇ ಬಂದು ಅವನ ನಗು ಎಡಕ್ಕೆ ಎಷ್ಟು ಓರೆಯಾಗುತ್ತಿತ್ತು ಅಂತ ಹೇಳಿಕೊಡಬೇಕು. ನೀನು ಯಾವಾಗ ಬರುತ್ತೀಯ ಅಂತ ಬೀದಿಯವರು ಕೇಳುತ್ತಿದ್ದಾರೆ. ಇನ್ನು ಬಾಗಿಲಲ್ಲಿ ನಿಂತು ಯಾರಿಗೂ ಏನೂ ಹೇಳಬೇಕಾಗಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಪುಟ್ಟಿ

ತಾ.ಕ.: ಗುರುವಾರ ಸಂಜೆ ಓವರ್‌ಟೈಮ್ ಅಂತ ನಿನಗೆ ಹೇಳುತ್ತಿದ್ದುದು ಸುಳ್ಳು. ಹತ್ತು ತಿಂಗಳಿಂದ ಪ್ರತಿ ಗುರುವಾರ ನಾನು ಕೌನ್ಸೆಲರ್ ಮೇಡಂ ಎದುರು ಕೂರುತ್ತಿದ್ದೆ. ನನಗೂ ಜೀವ ಬೇಡ ಅನ್ನಿಸಿತ್ತಮ್ಮ. ಈಗ ಅನ್ನಿಸುವುದಿಲ್ಲ. ಹೋದ ವಾರ ಮೇಡಂ, ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಅಂದರು. ಆಚೆ ಬಂದು ಸ್ಟಾಪಿನಲ್ಲಿ ನಿಂತು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು, ಏನಮ್ಮಾ, ಪಾಸಾದ್ಯಾ ಅಂತ ಕೇಳಿದಳು. ಹೂಂ ಅಂದೆ.