ಗಂಗವ್ವನ ತಲಿಗೆ ಎಣ್ಣಿ

ಹಡಪಸರ, ಪುಣೆ
೧೮ ಫೆಬ್ರುವರಿ ೨೦೦೨

ಚಿ. ಸೌ. ರೇಣುಗ ನಿನ್ನ ಅವ್ವನ ತುಂಬು ಆಶೀರ್ವಾದ.

ನಾವೆಲ್ಲಾ ಆರಾಮ ಇದ್ದೀವಿ. ನೀನು, ಅಳಿಯಂದಿರು ಆರಾಮ ಇದ್ದೀರಿ ಅಂತ ತಿಳೀತೀನಿ. ಉತ್ತರಾ ಬರಿಯಾಕ ತಡಾ ಆತು, ಸಿಟ್ಟಾಗಬ್ಯಾಡ. ಫೋನ್ ಮಾಡಬಹುದಿತ್ತಲ್ಲ ಅಂತಿ. ಫೋನಿನ್ಯಾಗ ನೀರಿನ ಮಾತು ತಗದ್ರ ಸಾಕು, ನೀ ಟಪ್ ಅಂತ ಇಟ್ಟಬಿಡ್ತಿ. ಅದಕ್ಕ ಪತ್ರ. ಕೂತು ಪೂರ್ತಿ ಓದು.

ನಮ್ಮ ವಾಡೇದ ಬಾವಿ ಬೀಗಾ ತಗದಾರ, ರೇಣು! ಆ ಬಾವಿ ಚೊಕ್ಕ ಆಗೂತನಕ ಬಾಣಂತನಕ್ಕ ಅಲ್ಲಿ ಕಾಲಿಡೂದಿಲ್ಲ ಅಂತ ನೀ ಬರದಿದ್ದಿಯಲ್ಲ, ಆತು ನೋಡು. ನಿನಗ ಏಳನೇ ತಿಂಗಳು ಹತ್ತಿದಾಗಿಂದ ನನ್ನ ಜೀವಾ ನನ್ನ ಕೈಯಾಗ ಇದ್ದಿದ್ದಿಲ್ಲ.

ಮೂಲಿ ಮ್ಯಾಲಿನ ಪೆಟ್ರೋಲ್ ಪಂಪಿನ ಟಾಕಿ ನೆಲದಾಗ ಸೋರಿ ಡೀಸೆಲ್ ಬಾವಿಗೆ ಇಳದದ್ದು ನಿನಗ ಗೊತ್ತ ಅದ. ನೀ ಹೋದ ಮ್ಯಾಲ ಟಾಕಿ ಬದಲಿ ಮಾಡಿ, ಬಾವಿ ಸುತ್ತ ನಾಕು ಕಡೆ ಬೋರು ಕೊರದು ಪೈಪು ಇಳಿಸಿದ್ರು, ನೆಲದಾಗಿನ ನೀರಿನ ಮ್ಯಾಲ ಕಣ್ಣಿಡಾಕ. ಮೂರು ತಿಂಗಳಿಗೊಮ್ಮೆ ಲ್ಯಾಬಿನಿಂದ ಶರ್ವರಿ ಅನ್ನೋ ಹುಡುಗಿ ಬಂದು, ಉದ್ದನ್ನ ನಳಿಗಿ ಇಳಿಬಿಟ್ಟು ನೀರು ಜಗ್ಗಿ, ಬಾಟ್ಲಿ ತುಂಬಕೊಂಡು ಹೋಗ್ತಾಳ. ಚಲೋ ಹುಡುಗಿ, ನನ್ನ ಚಹಾ ಕುಡೀದ ಹೋಗೂದಿಲ್ಲ. ಪೈಪಿನ ಮುಚ್ಚಳದ ಕೀಲಿ ನನ್ನ ನಂಬಿ ನಮ್ಮ ಮನ್ಯಾಗ ಇಟ್ಟಿದ್ಲು. ನಾ ಅದನ್ನ ದೇವರ ಜಗಲಿ ಮ್ಯಾಲ ಇಟ್ಟೆ. ಅಲ್ಲೇ ಎಡವಟ್ಟಾತು.

ಹೋದ ಮಳಿಗಾಲ ಮುಗಿಯೂದ್ರಾಗ ಮೂರು ಪೈಪಿನ ನೀರು ಚೊಕ್ಕ ಬಂತು. ನಮ್ಮ ಬಾಗಲ ಮುಂದಿನದು ಮಾತ್ರ ಎಣ್ಣಿ ತೋರಿಸೂದು ಬಿಡವಲ್ದು. ಅದು ಚೊಕ್ಕ ಆಗೂತನಕ ಬಾವಿ ಬೀಗಾ ತಗಿಯೂದಿಲ್ಲ ಅಂದ್ರು ಕಾರ್ಪೊರೇಷನ್ನಿನ ಸಾಹೇಬರು. ಪಂಪಿನವರು ಹೊಸಾ ಟಾಕೀನೂ ಸೋರ್ತದೋ ಏನೋ ಅಂತ ಮತ್ತ ಅಗದು ನೋಡಿದ್ರು. ನಿಮ್ಮಪ್ಪ ಅವರಿಗೆ ಮರಾಠಿಯೊಳಗ ಬೈದು, ಸಾಲದಕ್ಕ ಕನ್ನಡದಾಗೂ ಬೈದು ಬಂದ್ರು.

ಎಳ್ಳಮಾಸಿ ಆಗಿ ಎರಡು ದಿನಕ್ಕ ಶರ್ವರಿ ಬಂದು ನಳಿಗಿ ಮ್ಯಾಲೆತ್ತಿದ್ರ, ನೀರ ಮ್ಯಾಲ ಅರಿಷಿಣ ತೇಲಾಕತ್ತದ. ಮೂಸಿ ನೋಡಿದ್ಲು, ನನ್ನ ಮುಖಾ ನೋಡಿದ್ಲು, ಮತ್ತ ಮೂಸಿದ್ಲು. ಕಾಕೂ, ಇದು ಡೀಸೆಲ್ ಅಲ್ಲ, ಕೊಬ್ಬರಿ ಎಣ್ಣಿ ಅಂದ್ಲು. ನಾನೂ ಮೂಸಿದೆ. ನಿಮ್ಮ ಆಯಿ ತಲಿ ವಾಸನಿ! ತಿರುಗಿ ನೋಡಿದ್ರ ಆಯಿ ಕಟ್ಟಿ ಮ್ಯಾಲ ಕೂತು ಕಣ್ಣು ಗಟ್ಟಿ ಮುಚ್ಚಿ ಜಪಾ ಮಾಡಾಕತ್ತಿದ್ರು.

ಬಾವಿಗೆ ಬೀಗಾ ಹಾಕ್ಯಾರ, ಬಾವ್ಯಾಗಿನ ಗಂಗವ್ವನ ಹಂತ್ಯಾಕ ಹೋಗಾಕ ಇದೊಂದ ದಾರಿ ಉಳದದ ಅಂತ ಆಯಿ ಅಮಾಸಿಗೊಮ್ಮೆ ಆ ಕೀಲಿ ತಗೊಂಡು ಪೈಪ್ ತಗದು, ಜೇಜುರಿ ದೇವರ ಭಂಡಾರದ ಅರಿಷಿಣ ಹಾಕಿ, ಮ್ಯಾಲೊಂದು ವಾಟಿ ಎಣ್ಣಿ ಸುರೀತಿದ್ರಂತ. ಯಾಕ್ರೀ ಅತ್ತಿ, ಎಣ್ಣಿ ಯಾಕ ಅಂದೆ.

"ಜಡ್ಡಿನಿಂದ ಎದ್ದಾಕಿ ತಲಿಗೆ ಎಣ್ಣಿ ಹಾಕೂದಿಲ್ಲೇನು? ನಿನ್ನ ಬಾಣಂತನದಾಗ ನಾ ಹಾಕಿಲ್ಲೇನು?" ಅಂತ ನನಗ ಜೋರು ಮಾಡಿದ್ರು.

ಶರ್ವರಿ ನೆಲದ ಮ್ಯಾಲ ಕೂತು ನಕ್ಕಳು. ನನಗೂ ಸಿಟ್ಟು ಬರಲಿಲ್ಲ, ಕಣ್ಣಾಗ ನೀರು ಬರೂವಂಗ ನಗು ಬಂತು. ಪೈಪ್ ತೊಳಿಸಿ, ಹಳೇ ನೀರೆಲ್ಲಾ ಜಗ್ಗಿ ಚೆಲ್ಲಿ, ಎರಡು ಸರ್ತೆ ಪರೀಕ್ಷಾ ಮಾಡಿದ್ರು. ಎರಡೂ ಸರ್ತೆ ಚೊಕ್ಕ. ಕೀಲಿ ಮಾತ್ರ ಶರ್ವರಿ ತನ್ನ ಚೀಲದಾಗ ಹಾಕ್ಕೊಂಡು ಹೋದ್ಲು.

ಬಾವಿ ನೀರೂ ಕುಡಿಯಾಕ ಬರ್ತದ ಅಂತ ಬರದು ಕೊಟ್ಟು, ಹೋದ ಶುಕ್ರವಾರ ಬೀಗಾ ತಗದ್ರು. ವಾಡೇದ ಹೆಣ್ಮಕ್ಕಳೆಲ್ಲಾ ಹಸಿರು ಸೀರಿ ಉಟ್ಟು ಪೂಜಿ ಮಾಡಿದ್ವಿ. ಮ್ಯಾಲಿನ ಮನಿ ಏಕನಾಥನ ಹೆಂಡತಿ ಹೋಳಿಗಿ ಮಾಡಿದ್ಲು. ನಿಮ್ಮಪ್ಪ ಎರಡು ತಂಬಿಗಿ ಕುಡದು, ಇಷ್ಟು ಸಿಹಿ ನೀರು ಪುಣೆದಾಗ ಎಲ್ಲೂ ಇಲ್ಲ ಅಂತ ಭಾಷಣಾ ಬಿಗದ್ರು. ನಾನೂ ಕುಡದೆ. ಭಾಳ ಸಮಾಧಾನ ಆತು.

ಇನ್ನ ನೀ ನೆವಾ ಹೇಳಬ್ಯಾಡ. ಒಳಗಿನ ಖೋಲಿಗೆ ಸುಣ್ಣಾ ಹಚ್ಚಿಸೀನಿ, ಅಂಟಿನ ಉಂಡಿಗೆ ಸಾಮಾನು ತಂದೀನಿ. ಶಿವರಾತ್ರಿ ಆದ ಮ್ಯಾಲ ನಿಮ್ಮಪ್ಪ ಕರಿಯಾಕ ಬರ್ತಾರ. ಬಾ ಅವ್ವಾ. ಉಡಿ ತುಂಬಿಸ್ಕೊಂಡು ಬಾ, ಸುಖವಾಗಿ ಎರಡು ಜೀವ ಆಗು.

ನಿನ್ನ ದಾರಿ ನೋಡಾಕತ್ತಿರೋ
ಅವ್ವ, ಇಂದೂ

ತಾ.ಕ.: ಶರ್ವರಿ ಹೊಂಟಾಗ ಆಕಿ ಒಬ್ಬಾಕಿನ್ನ ಬಾಜೂಕ ಕರದು ಕೇಳಿದೆ. ನೀ ಮೊದಲನೇ ಸರ್ತೆ ಬಸುರಿದ್ದಾಗ ಇಲ್ಲಿ ಕುಡದ ನೀರಿನ್ಯಾಗ ಏನಿತ್ತು, ಕೂಸು ಅದರಿಂದನ ಹೋತೇನು ಅಂತ. ಆಗ ಯಾರೂ ನೀರು ನೋಡಿದ್ದಿಲ್ಲ ಕಾಕೂ, ಈಗ ಹೇಳಾಕ ಬರೂದಿಲ್ಲ ಅಂದ್ಲು. ಡಾಕ್ಟರೂ ಹಂಗ ಅಂದಿದ್ರು. ಅದು ನಮಗ ಎಂದೂ ತಿಳಿಯೂದಿಲ್ಲ ರೇಣು. ತೊಟ್ಟಿಲಕ್ಕ ಹಾಕೂಕಿಂತ ಮೊದಲ ಹೋತು ಅಂತ ಎಲ್ಲಾರೂ 'ಆ ಕೂಸು' ಅಂತಾರ. ನಾ ನೀರು ಎರಿಯೂ ಮುಂದ ಆಕಿಗೆ ಅಕ್ಕು ಅಂತ ಕರೀತಿದ್ದೆ. ನಿಮ್ಮಪ್ಪಗೂ ಹೇಳಿಲ್ಲ. ಈಗ ಹುಟ್ಟೋದೂ ಹೆಣ್ಣಾದ್ರ ಬ್ಯಾರೆ ಹೆಸರು ಇಡು. ಅಕ್ಕು ಅನ್ನೂದು ಆಕಿ ಹೆಸರು.